ವಾರ್ನಿಷ್ ಬಾಗಿಲ ಮೇಲಿನ ಬಣ್ಣ ಏಳುತ್ತಿದ್ದರೆ: ನಾನು ಮಾಡುವ ಕ್ರಮ

ಕಿತ್ತು ಬಂದ ಬಣ್ಣದ ಚಕ್ಕೆಯನ್ನು ಮೊದಲು ತಿರುಗಿಸಿ ನೋಡುತ್ತೇನೆ. ಹಿಂಬದಿ ಗಾಜಿನಂತೆ ನುಣ್ಣಗಿದ್ದರೆ, ಹಳೆಯ ವಾರ್ನಿಷನ್ನು ಉಜ್ಜದೆಯೇ ಎನಾಮೆಲ್ ಹೊಡೆದಿದ್ದಾರೆ. ಮರದ ನಾರು ಅಂಟಿಕೊಂಡು ಬಂದಿದ್ದರೆ ಮರ ನೀರು ಕುಡಿಯುತ್ತಿದೆ. ಬಚ್ಚಲ ಬಾಗಿಲಿನ ಕೆಳಗಿನ ಒಂದು ಗೇಣಿನಲ್ಲಿ ಹೆಚ್ಚಾಗಿ ಇದೇ. ಆ ನೀರು ನಿಲ್ಲಿಸದೆ ಬಣ್ಣ ಹಚ್ಚಿದರೆ ದುಡ್ಡು ದಂಡ.

ರಾಯಚೂರು ಕಡೆ ನಾನು ನೋಡುವುದು ಬಹುಪಾಲು ಮೊದಲ ಬಗೆಯೇ. ವಾರ್ನಿಷ್ ಕಪ್ಪಾಯಿತೆಂದು ಹಬ್ಬದ ಮುಂಚೆ ಅವಸರದಲ್ಲಿ ಮೇಲೊಂದು ಕೋಟ್. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ, ಅದರಲ್ಲೂ ಪಡುವಣಕ್ಕೆ ಮುಖವಿರುವ ಬಾಗಿಲಲ್ಲಿ, ಹಿಡಿತವಿಲ್ಲದ ಆ ಬಣ್ಣ ಹಪ್ಪಳದಂತೆ ಏಳುತ್ತದೆ. ಗಾಢ ಬಣ್ಣವಾದರೆ ಬಿಸಿಲನ್ನು ಇನ್ನೂ ಹೀರುತ್ತದೆ.

ಎದ್ದಲ್ಲಷ್ಟೇ ತೇಪೆ ಹಾಕಿ ಎನ್ನುವವರೇ ಎಲ್ಲ. ಅದಕ್ಕೆ ಗಟ್ಟಿಯಾಗಿ ಕಾಣುವ ಜಾಗದಲ್ಲೂ ಪರೀಕ್ಷೆ ಮಾಡುತ್ತೇನೆ. ಬ್ಲೇಡಿನಿಂದ 2 ಮಿ.ಮೀ. ಅಂತರದಲ್ಲಿ ಉದ್ದಕ್ಕೆ 6, ಅಡ್ಡಕ್ಕೆ 6 ಗೆರೆ ಕೊಯ್ದರೆ 25 ಚೌಕ. ಮೇಲೆ ಟೇಪ್ ಒತ್ತಿ ಅಂಟಿಸಿ ಒಮ್ಮೆಲೇ ಕೀಳುತ್ತೇನೆ. ನಾಲ್ಕೈದಕ್ಕಿಂತ ಹೆಚ್ಚು ಚೌಕ ಟೇಪಿನೊಂದಿಗೆ ಬಂದರೆ ಬಾಗಿಲಿನ ಬಣ್ಣ ಪೂರ್ತಿ ಕೆರೆಯಲೇಬೇಕು.

ಕೆರೆದ ಜಾಗದ ಮೇಲೆ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ ನೋಡಿ. ಅಂಟಂಟಾದರೆ ಅದು ಅರಗಿನ ಪಾಲಿಶ್. ಸ್ಪಿರಿಟ್ ಹಾಕಿ ಒರೆಸಿ ಪೂರ್ತಿ ತೆಗೆಯುತ್ತೇನೆ. ಏನೂ ಆಗದಿದ್ದರೆ ಗಟ್ಟಿ ವಾರ್ನಿಷ್. ಅದನ್ನು ಮರದವರೆಗೆ ಕೀಳುವುದು ಬೇಡದ ಕೆಲಸ, ಹೊಳಪು ಸತ್ತರೆ ಸಾಕು.

2017ರ ನವೆಂಬರ್‌ನಿಂದ ಮನೆಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮೀರುವಂತಿಲ್ಲ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇದ್ದೀತು ಎಂದೇ ಹಿಡಿದು ಒಣದಾಗಿ ಉಜ್ಜುವುದಿಲ್ಲ, ಹೀಟ್ ಗನ್ ಮುಟ್ಟುವುದಿಲ್ಲ. ನೀರು ಚಿಮುಕಿಸಿ ಸ್ಕ್ರೇಪರ್‌ನಿಂದ ನಾರಿನುದ್ದಕ್ಕೆ ಕೆರೆಯುತ್ತೇನೆ. ಮುಖಕ್ಕೆ ಮಾಸ್ಕ್, ನೆಲಕ್ಕೆ ಪ್ಲಾಸ್ಟಿಕ್, ಮಕ್ಕಳು ಆ ಕಡೆ ಸುಳಿಯಬಾರದು.

ಉಜ್ಜುವ ಮುಂಚೆ ತೊಳೆಯಬೇಕು. ಇಲ್ಲೇ ಹೆಚ್ಚು ಜನ ತಪ್ಪುವುದು. ಹೊಸ್ತಿಲ ಬಳಿಯ ಎಣ್ಣೆ-ಅರಿಶಿನ, ಚಿಲಕದ ಸುತ್ತಲಿನ ಕೈಜಿಡ್ಡು ಹಾಗೇ ಇದ್ದರೆ ಉಜ್ಜುವ ಕಾಗದ ಅದನ್ನು ಗೀರಿನೊಳಗೆ ತುಂಬುತ್ತದೆ, ಆಮೇಲೆ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಕೋಟ್) ಅಲ್ಲಿ ಹಿಡಿಯದೆ, ಕಣ್ಣಿನಂತೆ ದುಂಡಗೆ ಜಾಗ ಬಿಟ್ಟು ಸರಿದುಕೊಳ್ಳುತ್ತದೆ. 1 ಲೀಟರ್ ಬಿಸಿನೀರಿಗೆ 2 ಚಮಚ ವಾಷಿಂಗ್ ಸೋಡಾ, ಕೈಗೆ ಗ್ಲೌಸ್. ನಂತರ ಎರಡು ಸಲ ಬರೀ ನೀರು. ಮರ ಪೂರ್ತಿ ಒಣಗಲಿ.

ಬಳಿಕ 120ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಕಾಗದ; ನಂಬರ್ ಹೆಚ್ಚಿದಷ್ಟೂ ನುಣುಪು), ಆಮೇಲೆ 220. ಉಳಿದ ಗಟ್ಟಿ ಬಣ್ಣದ ಅಂಚು ಬೆರಳಿಗೆ ಮೆಟ್ಟಿಲಂತೆ ಸಿಗಬಾರದು. ಟಾರ್ಚನ್ನು ಓರೆಯಾಗಿ ಹಿಡಿದಾಗ ಬಾಗಿಲು ಸ್ಲೇಟಿನಂತೆ ಮಂಕಾಗಿರಬೇಕು. ಮಿಂಚುವ ಚುಕ್ಕೆ ಉಳಿದಲ್ಲೇ ಮತ್ತೆ ಏಳುತ್ತದೆ. ಕೆತ್ತನೆಯ ಸಂದುಗಳಿಗೆ ಕಾಗದ ಮಡಚಿ ಉಜ್ಜದೆ ಬೇರೆ ದಾರಿಯಿಲ್ಲ.

7×3 ಅಡಿ ಬಾಗಿಲಿನ ಎರಡೂ ಬದಿ, ಚೌಕಟ್ಟು ಸೇರಿ ಸುಮಾರು 55 ಚದರಡಿ. ಅರ್ಧ ಲೀಟರ್ ಎಣ್ಣೆ ಆಧಾರಿತ ವುಡ್ ಪ್ರೈಮರ್ ಸಾಕು; ಅದಕ್ಕೆ 50 ಮಿ.ಲೀ. ಟರ್ಪೆಂಟೈನ್. 24 ಗಂಟೆ ಬಿಟ್ಟು ಗುಂಡಿಗಳಿಗೆ ಮರದ ಪುಟ್ಟಿ. ಗೋಡೆಯ ಸಿಮೆಂಟ್ ಪುಟ್ಟಿ ಬೇಡವೇ ಬೇಡ, ಮರ ಹಿಗ್ಗಿ ಕುಗ್ಗಿದಾಗ ಬಿರಿಯುತ್ತದೆ. ಪುಟ್ಟಿ ಉಜ್ಜಿದ ಜಾಗಕ್ಕಷ್ಟೇ ಮತ್ತೆ ಪ್ರೈಮರ್.

ಎನಾಮೆಲ್ 1 ಲೀಟರ್, ತೆಳ್ಳಗೆ ಎರಡು ಕೋಟ್, ನಡುವೆ ಒಂದು ರಾತ್ರಿ ಮತ್ತು 320ರ ಹಗುರ ಉಜ್ಜು. ಬೆಳಗ್ಗೆ ಹತ್ತರೊಳಗೆ, ಬಾಗಿಲಿಗೆ ಬಿಸಿಲು ತಾಗುವ ಮುಂಚೆ ಮುಗಿಸುತ್ತೇನೆ. ಕಾದ ಮರದ ಮೇಲೆ ದಪ್ಪ ಹೊಡೆದರೆ ಮೇಲೆ ಕೆನೆ ಕಟ್ಟಿ, ಒಳಗೆ ಹಸಿಯಾಗಿ ಸುಕ್ಕುಗಟ್ಟುತ್ತದೆ.

ಮುಟ್ಟಿದರೆ ಒಣಗಿದಂತಿದ್ದರೂ ಒಂದು ವಾರ ಬಣ್ಣ ಮೆತ್ತಗೇ. ಅಷ್ಟು ದಿನ ಬಾಗಿಲನ್ನು ಬಿಗಿಯಾಗಿ ಮುಚ್ಚಿದರೆ ಚೌಕಟ್ಟಿಗೆ ಅಂಟಿ, ತೆರೆದಾಗ ಅಂಚಿನ ಬಣ್ಣ ಕಿತ್ತುಬರುತ್ತದೆ. ರಾತ್ರಿ ಚಿಲಕ ಹಾಕಲೇಬೇಕೆಂದರೆ ಅಂಚಿಗೆ ಸ್ವಲ್ಪ ಟಾಲ್ಕಂ ಪೌಡರ್ ಸವರಿ.