ಮಲೆನಾಡಿನ ಜಡಿಮಳೆಯಲ್ಲಿ ನಡೆಯುವ ಬಗೆ

ಮಳೆಯಲ್ಲಿ ನಡೆಯುವುದಕ್ಕೆ ಹದವಾದ ಕಾಲ ಆರಿದ್ರಾದಿಂದ ಆಶ್ಲೇಷದವರೆಗೆ, ಅಂದರೆ ಜೂನ್ 22ರ ಆಸುಪಾಸಿನಿಂದ ಆಗಸ್ಟ್ ನಡುವಿನವರೆಗೆ. ಮೇ ತಿಂಗಳ ಅಡ್ಡಮಳೆಗೂ ಹಿಂಗಾರಿಗೂ ಗುಡುಗು ಸಿಡಿಲು ಜಾಸ್ತಿ, ಈ ನಡುವಿನ ಜಡಿಮಳೆಗೆ ಕಡಿಮೆ. ಆದರೂ ಮಿಂಚಿ 30 ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿ.ಮೀ. ಒಳಗೇ ಇದೆ ಎಂದರ್ಥ. ಮರದಡಿ ನಿಲ್ಲಬೇಡಿ, ಯಾವುದಾದರೂ ಮನೆ ಸೇರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾದ ಮೇಲೆ ಹೊರಡಿ.

ಒದ್ದೆಯಾಗದೆ ಬರುತ್ತೇನೆ ಎಂದು ಹೊರಟವರಿಗೆ ಮಳೆಯ ಸುಖ ಸಿಗುವುದಿಲ್ಲ. ತಲೆ ಮತ್ತು ಬೆನ್ನು ಬೆಚ್ಚಗಿದ್ದರೆ ಸಾಕು, ಮೊಣಕಾಲ ಕೆಳಗೆ ನೆನೆಯಲಿ. ಪ್ಲಾಸ್ಟಿಕ್ ರೇನ್‌ಕೋಟಿನ ಟೊಪ್ಪಿ ಕಿವಿಯ ಹತ್ತಿರ ಪರಪರ ಅನ್ನುತ್ತಿರುತ್ತದೆ, ಮಳೆಯ ಸದ್ದೇ ಕೇಳಿಸುವುದಿಲ್ಲ. ಒಳಗೆ ಬೆವರು ಬೇರೆ. ಕಂಬಳಿಯನ್ನು ಮಡಚಿ ತಲೆಯಿಂದ ಬೆನ್ನಿಗೆ ಇಳಿಬಿಡುವ ಕಂಬಳಿಕೊಪ್ಪೆ ಹಾಗಲ್ಲ. ಕುರಿಯ ಉಣ್ಣೆ ಒದ್ದೆಯಾದರೂ ಬಿಸಿ ಬಿಡುವುದಿಲ್ಲ, ಸದ್ದೂ ಮಾಡುವುದಿಲ್ಲ. ಆದರೆ ನೀರು ಕುಡಿದಂತೆ ಭಾರವಾಗುತ್ತದೆ, ಹಾಗಾಗಿ ಒಂದು ಗಂಟೆಯ ನಡಿಗೆಗೆ ಸರಿ. ಛತ್ರಿಯಾದರೆ ಉದ್ದ ಕೋಲಿನದು ಇರಲಿ, ಗಾಳಿ ಬರುವ ಕಡೆಗೆ ಬಾಗಿಸಿ ಹಿಡಿಯಿರಿ. ಜೀನ್ಸ್ ಬೇಡ. ನೆನೆದರೆ ಭಾರವಾಗಿ ತೊಡೆ ಉಜ್ಜುತ್ತದೆ.

ಹವಾಯಿ ಚಪ್ಪಲಿ ಸೊಂಟದವರೆಗೆ ಕೆಸರು ಚಿಮ್ಮಿಸುತ್ತದೆ. ಗಂಬೂಟಿಗೆ ಮೇಲಿನಿಂದ ನೀರು ಇಳಿದರೆ ಕಾಲು ಎತ್ತಲಾಗದು. ಹಿಮ್ಮಡಿಗೆ ಪಟ್ಟಿಯಿರುವ, ತಳದಲ್ಲಿ ಗೀರು ಆಳವಾಗಿರುವ ಪ್ಲಾಸ್ಟಿಕ್ ಸ್ಯಾಂಡಲ್ಲೇ ಒಳ್ಳೆಯದು: ನೀರು ಬಂದಷ್ಟೇ ಬೇಗ ಹೋಗುತ್ತದೆ.

ಉಂಬಳಕ್ಕೆ, ಅಂದರೆ ನೆಲದ ಜಿಗಣೆಗೆ, ಹೆದರಿ ಎಷ್ಟೋ ಜನ ಕಾಡುದಾರಿಗೆ ಇಳಿಯುವುದೇ ಇಲ್ಲ. ಕೋಲಿನ ತುದಿಗೆ ಒಂದು ಹಿಡಿ ಉಪ್ಪಿನ ಬಟ್ಟೆಗಂಟು ಕಟ್ಟಿಕೊಳ್ಳಿ. ಚಪ್ಪಲಿ ಹತ್ತಿದ ಉಂಬಳಕ್ಕೆ ಮುಟ್ಟಿಸಿದರೆ ಉದುರುತ್ತದೆ. ಕಚ್ಚಿಯೇಬಿಟ್ಟಿದ್ದರೆ ಉಪ್ಪು ಹಾಕಬೇಡಿ, ಎಳೆಯಲೂ ಬೇಡಿ. ಉಪ್ಪು ಬಿದ್ದರೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಾರುತ್ತದೆ. ಸಣ್ಣಗಿರುವ ತುದಿ ಬಾಯಿ. ಅದರ ಪಕ್ಕದ ಚರ್ಮಕ್ಕೆ ಉಗುರು ಒತ್ತಿ ಮೆಲ್ಲಗೆ ಸರಿಸಿ, ಆಮೇಲೆ ಇನ್ನೊಂದು ತುದಿ ಬಿಡಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಏನೋ ಒಂದು ರಸ ಬಿಟ್ಟಿರುತ್ತದೆ, ಗಂಟೆಗಟ್ಟಲೆ ಸೋರಿದರೂ ಗಾಬರಿ ಬೇಡ. ಸೋಪಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ಮುಂದಿನ ತುರಿಕೆಯನ್ನು ಕೆರೆದರೆ ಮಾತ್ರ ಹುಣ್ಣಾಗುತ್ತದೆ.

ಪಾಚಿ ಕಟ್ಟಿದ ಜಂಬಿಟ್ಟಿಗೆ ಮೆಟ್ಟಿಲ ಮೇಲೆ ಹೆಜ್ಜೆ ಚಿಕ್ಕದಿರಲಿ, ಪಾದ ಪೂರ್ತಿ ಊರಲಿ. ಹಳ್ಳಕ್ಕೆ ಹಾಕಿದ ಅಡಿಕೆಮರದ ಸಂಕದ (ಕಾಲುಸೇತುವೆಯ) ಮೇಲೆ ಅಡ್ಡಡ್ಡ ಹೆಜ್ಜೆಯಿಟ್ಟು ದಾಟಿ. ಹಳ್ಳದ ನೀರು ಇದ್ದಕ್ಕಿದ್ದಂತೆ ಕೆಂಪಾಗಿ ಕಸಕಡ್ಡಿ ಹೊತ್ತು ತಂದರೆ ಮೇಲೆಲ್ಲೋ ಜೋರು ಬಿದ್ದಿದೆ, ಅಲ್ಲಿಂದಲೇ ಹಿಂತಿರುಗಿ.

ಹತ್ತು ನಿಮಿಷಕ್ಕೊಮ್ಮೆ ನಿಂತು ಕೇಳಿ. ತೇಗದ ಅಗಲ ಎಲೆಯ ಮೇಲೆ ಹನಿ ಪಟಪಟ ಬೀಳುತ್ತದೆ. ಅಡಿಕೆ ತೋಟದಲ್ಲಿ ಅದೇ ಮಳೆ ಸುಯ್ಯೆನ್ನುತ್ತದೆ. ಹೊಳವಾದ ಕೂಡಲೇ ಮನೆ ಕಡೆ ಓಡಬೇಡಿ. ಮಳೆ ನಿಂತರೂ ಮರದ ಹನಿ ನಿಲ್ಲದು ಅನ್ನುತ್ತಾರಲ್ಲ, ಆ ಹೊತ್ತು ಇಡೀ ನಡಿಗೆಯಲ್ಲೇ ಚೆಂದ. ಒಂದೊಂದೇ ಹನಿ ಎಲೆಯಿಂದ ಎಲೆಗೆ ಇಳಿಯುತ್ತಿರುತ್ತದೆ, ಕಪ್ಪೆಗಳು ಒಂದು ಕಡೆಯಿಂದ ಶುರುಮಾಡುತ್ತವೆ.

ಮನೆಗೆ ಬಂದವರು ಮೊಣಕಾಲ ಹಿಂಭಾಗ, ಬೆರಳ ಸಂದಿಯಲ್ಲಿ ಉಂಬಳ ಉಳಿದಿದೆಯೇ ನೋಡಿ. ಸಂದಿಗಳನ್ನು ಒಣಗಿಸಿ ಕೊಬ್ಬರಿ ಎಣ್ಣೆ ಹಚ್ಚಿ, ಇಲ್ಲದಿದ್ದರೆ ಕೆಸರುಹುಣ್ಣಾಗುತ್ತದೆ. ಕಂಬಳಿಯನ್ನು ಹಿಂಡಬಾರದು, ನೇಯ್ಗೆ ಸೊಟ್ಟಗಾಗುತ್ತದೆ. ಬಚ್ಚಲೊಲೆಯ ಮೇಲಿನ ಗಳಕ್ಕೆ, ಬೆಂಕಿಗೆ ತಾಗದಷ್ಟು ಎತ್ತರದಲ್ಲಿ ಬಿಚ್ಚಿ ಹರವಿ. ನಾಳೆಯ ಹೊತ್ತಿಗೆ ಹೊಗೆವಾಸನೆ ಹತ್ತಿ ಒಣಗಿರುತ್ತದೆ.