ಕ್ಯಾನ್ ಹೇಳಿದ ಸುಳ್ಳು

ಬೆಳಿಗ್ಗೆ ಏಳಕ್ಕೆ ಬಸವನಗುಡಿಯ ನಮ್ಮ ಪುಟ್ಟ ಲ್ಯಾಬಿನ ಶಟರ್ ಎತ್ತಿದಾಗ, ಯಜಮಾನರೊಬ್ಬರು ಮದುವೆ ಮನೆಯ ತಾಂಬೂಲದ ಚೀಲದಲ್ಲಿ ಐದು ಲೀಟರಿನ ಕ್ಯಾನ್ ಇಟ್ಟುಕೊಂಡು ನಿಂತಿದ್ದರು. ಒಳಗೆ 24 ಗಂಟೆಯ ಮೂತ್ರ, ಕಿಡ್ನಿ ಎಷ್ಟು ಸೋಸುತ್ತದೆ ಎಂದು ನೋಡುವ ಕ್ರಿಯಾಟಿನಿನ್ ಕ್ಲಿಯರೆನ್ಸ್ ಟೆಸ್ಟಿಗೆ. ವಯಸ್ಸು 67, ತೂಕ 62 ಕಿಲೋ.

ನಮ್ಮ ಮಾಂಸಖಂಡಗಳು ದಿನವೂ ಹೆಚ್ಚುಕಮ್ಮಿ ಒಂದೇ ಪ್ರಮಾಣದ ಕ್ರಿಯಾಟಿನಿನ್ ಅನ್ನು ರಕ್ತಕ್ಕೆ ಬಿಡುತ್ತವೆ, ಕಿಡ್ನಿ ಅದನ್ನು ಸೋಸಿ ಹೊರಹಾಕುತ್ತದೆ. ನಿಮಿಷಕ್ಕೆ ಎಷ್ಟು ಮಿ.ಲೀ. ರಕ್ತದಿಂದ ಅದು ಪೂರ್ತಿ ತೊಳೆದುಹೋದಂತಾಯಿತು ಎನ್ನುವುದೇ ಕ್ಲಿಯರೆನ್ಸ್. ಮೂತ್ರದ ಕ್ರಿಯಾಟಿನಿನ್ನನ್ನು ನಿಮಿಷಕ್ಕೆ ಬಂದ ಮೂತ್ರದಿಂದ ಗುಣಿಸಿ, ರಕ್ತದ ಕ್ರಿಯಾಟಿನಿನ್ನಿಂದ ಭಾಗಿಸಿದರೆ ಮುಗಿಯಿತು. ಕಿಡ್ನಿಯೊಳಗಿನ ಸಣ್ಣ ಕೊಳವೆಗಳು ತಾವೂ ಒಂದಿಷ್ಟು ಕ್ರಿಯಾಟಿನಿನ್ನನ್ನು ಮೂತ್ರಕ್ಕೆ ಸುರಿಯುವುದರಿಂದ ಉತ್ತರ ನಿಜಕ್ಕಿಂತ ತುಸು ಜಾಸ್ತಿಯೇ ಬರುತ್ತದೆ. ಇದೇ ರೀತಿ ಅಳೆಯಲು ರಕ್ತಕ್ಕೆ ಬಿಡುವ ಸಸ್ಯಜನ್ಯ ಪದಾರ್ಥ ಇನ್ಯುಲಿನ್‌ನಲ್ಲಿ ಈ ತಕರಾರಿಲ್ಲ, ಆದರೆ ಅದಕ್ಕೆ ಡ್ರಿಪ್ ಹಾಕಿ ಕೂರಿಸಬೇಕು. ನಮ್ಮಂಥ ಲ್ಯಾಬಿನ ಮಾತಲ್ಲ.

ಕ್ಯಾನ್ ಚೆನ್ನಾಗಿ ಕುಲುಕಿ ಅಳತೆ ಜಾಡಿಗೆ ಸುರಿದೆ: 800 ಮಿ.ಲೀ. ಒಂದಕ್ಕೆ ಐವತ್ತು ಪಾಲಿನಷ್ಟು ತೆಳು ಮಾಡಿ, ಕ್ಷಾರದ ಜೊತೆ ಪಿಕ್ರಿಕ್ ಆಸಿಡ್ ಬೆರೆಸಿದಾಗ ಹಳದಿ ದ್ರಾವಣ ನಿಧಾನಕ್ಕೆ ಕಿತ್ತಳೆಗೆ ತಿರುಗಿತು. 1886ರ ಯಾಫೆ ವಿಧಾನ, ಇನ್ನೂ ಕೈಬಿಟ್ಟಿಲ್ಲ. ಮೂತ್ರದಲ್ಲಿ ಡೆಸಿಲೀಟರಿಗೆ 80 ಮಿ.ಗ್ರಾಂ, ರಕ್ತದಲ್ಲಿ 1.2. 800 ಮಿ.ಲೀ.ಯನ್ನು 24 ಗಂಟೆಯ 1440 ನಿಮಿಷಕ್ಕೆ ಹಂಚಿ ಲೆಕ್ಕ ಹಾಕಿದರೆ ಕ್ಲಿಯರೆನ್ಸ್ ನಿಮಿಷಕ್ಕೆ 37 ಮಿ.ಲೀ.

ರಿಪೋರ್ಟ್ ಪ್ರಿಂಟಿಗೆ ಕೊಡುವವನಿದ್ದೆ. ಆದರೆ ಮೂತ್ರವಿಲ್ಲದೆ ರಕ್ತದ ಅಂಕಿ, ವಯಸ್ಸು, ಲಿಂಗ ಹಿಡಿದು ಕಿಡ್ನಿ ಸೋಸುವ ವೇಗ ಅಂದಾಜಿಸುವ 2021ರ ಸಿಕೆಡಿ-ಇಪಿಐ ಸೂತ್ರ ಇದೇ ಮನುಷ್ಯನಿಗೆ ಸುಮಾರು 66 ಕೊಡುತ್ತಿತ್ತು. ಇಷ್ಟೊಂದು ಅಂತರವೇ? ಕ್ಯಾನಿನಲ್ಲಿದ್ದ ಒಟ್ಟು ಕ್ರಿಯಾಟಿನಿನ್ ಲೆಕ್ಕ ಹಾಕಿದೆ: 640 ಮಿ.ಗ್ರಾಂ, ಅಂದರೆ ಮೈತೂಕದ ಕಿಲೋಗೆ ಹತ್ತೇ ಹತ್ತು. ಪ್ರಾಯದ ಗಂಡಸರಲ್ಲಿ ಅದು 20ರಿಂದ 25 ಇರುತ್ತದೆ. ವಯಸ್ಸಾದಂತೆ ಇಳಿಯುತ್ತದೆ ನಿಜ, ಆದರೆ ಗಟ್ಟಿಮುಟ್ಟಾದ ಈ ಆಳಿಗೆ ಇಷ್ಟು ಇಳಿಯಬಾರದು.

“ಯಜಮಾನ್ರೇ, ಎಲ್ಲಾನೂ ಇದರಲ್ಲೇ ಹಿಡಿದ್ರಾ?”

“ಮನೇಲಿದ್ದಾಗೆಲ್ಲಾ ಹಿಡಿದೆ ಕಣಪ್ಪಾ. ಲಾಲ್‌ಬಾಗಿಗೆ ವಾಕಿಂಗ್ ಹೋದಾಗ, ಆಮೇಲೆ ಮೆಜೆಸ್ಟಿಕ್‌ನಲ್ಲಿ... ಅಲ್ಲಿಗೂ ಕ್ಯಾನ್ ತಗೊಂಡು ಹೋಗಕ್ಕಾಗುತ್ತಾ?”

ತಪ್ಪು ನಮ್ಮದೇ. ಕ್ಯಾನ್ ಕೊಟ್ಟ ನಮ್ಮ ಹುಡುಗ “24 ಗಂಟೆ ಹಿಡೀರಿ” ಅಂದು ಕಳಿಸಿದ್ದ, ಅಷ್ಟೇ. ಈ ಸಲ ನಾನೇ ಬಿಡಿಸಿ ಹೇಳಿದೆ: ಭಾನುವಾರ ಬೆಳಿಗ್ಗೆ ಆರಕ್ಕೆ ಹೋಗಿದ್ದನ್ನು ಚೆಲ್ಲಿ, ಅಲ್ಲಿಂದಾಚೆ ಒಂದು ಹನಿಯೂ ಬಿಡಬೇಡಿ, ಸೋಮವಾರ ಆರರದ್ದನ್ನೂ ಸೇರಿಸಿ, ಕ್ಯಾನ್ ತಣ್ಣಗಿರಲಿ. ಫ್ರಿಜ್ಜಿನಲ್ಲಿಡಲು ಮನೆಯವರು ಒಪ್ಪಲಿಲ್ಲವಂತೆ, ಬಕೆಟ್ಟಿನಲ್ಲಿ ಐಸ್ ಹಾಕಿ ಇಟ್ಟಿದ್ದರು.

ಈ ಬಾರಿ 1600 ಮಿ.ಲೀ., ಮೂತ್ರದಲ್ಲಿ 70, ರಕ್ತ ಅದೇ 1.2. ಒಟ್ಟು 1120 ಮಿ.ಗ್ರಾಂ, ಕಿಲೋಗೆ 18. ಕ್ಲಿಯರೆನ್ಸ್ 65.

“ಹೋದ ವಾರ 37 ಅಂದಿದ್ರಲ್ಲ?” ಅಂದರು ಯಜಮಾನರು. “ಅರ್ಧ ಕಿಡ್ನಿ ಮೆಜೆಸ್ಟಿಕ್‌ನಲ್ಲೇ ಬಿಟ್ಟು ಬಂದಿದ್ರಿ” ಅಂದೆ.