ಗಾಜಿನ ಒಳಗಿನ ಮಂಜು, ಹೊರಗಿನ ಮಂಜು

ಪ್ರೌಢಶಾಲೆಯ ಮಕ್ಕಳಿಗೆ 18 ವರ್ಷಗಳಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ತಣ್ಣೀರಿನ ಲೋಟದ ಹೊರಮೈಯಲ್ಲಿ ಹನಿ ಕಟ್ಟುವುದೇಕೆ ಎಂಬ ಪ್ರಶ್ನೆಯನ್ನು ಅದೆಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆದರೂ ಒಂದು ಜುಲೈ ಸಂಜೆ ಚಾರ್ಮಾಡಿ ಘಾಟಿಯ ನಡುವೆ ಕಾರಿನ ಮುಂದಿನ ಗಾಜು ಹಾಲಿನಂತೆ ಬೆಳ್ಳಗಾಗಿ, ಎದುರಿನ ತಿರುವೇ ಕಾಣದಾದಾಗ ನನಗೆ ಆ ಲೋಟ ನೆನಪಾಗಲಿಲ್ಲ. ನೆನಪಾದದ್ದು ಮನೆದೇವರು ಮಾತ್ರ.

ನಾನು ಕೆಲಸ ಮಾಡುವುದು ಚಿಕ್ಕಮಗಳೂರಿನಲ್ಲಿ. ತವರುಮನೆ ಉಜಿರೆಯ ಹತ್ತಿರ. ತಿಂಗಳಿಗೆ ಎರಡು ಸಲವಾದರೂ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಘಾಟಿ ಇಳಿದು ಹತ್ತುತ್ತೇನೆ. ಮೊದಲಿದ್ದ ಕಾರಿನಲ್ಲಿ ಎಸಿ ಇರಲಿಲ್ಲ, ಕಿಟಕಿ ಇಳಿಸಲು ಹಿಡಿಕೆ ತಿರುಗಿಸಬೇಕಿತ್ತು. ಗಾಜು ಮಸುಕಾದರೆ ಒರೆಸಲು ಒಂದು ಹಳೆಯ ಪಂಚೆಯ ತುಂಡು, ಅಷ್ಟೇ ಸಲಕರಣೆ. ಮೂರು ವರ್ಷಗಳ ಹಿಂದೆ ತೆಗೆದುಕೊಂಡ ಕಾರು ಬೇರೊಬ್ಬರು ಓಡಿಸಿ ಮಾರಿದ್ದು. ಅದರಲ್ಲಿ ತನ್ನಷ್ಟಕ್ಕೆ ತಾನೇ ನಡೆಯುವ ಎಸಿ, ಒಂದು ಸಾಲು ಗುಂಡಿ, ಮೀಟರಿನಲ್ಲಿ ದೀಪಾವಳಿಯಷ್ಟು ದೀಪ. ಕೈಪಿಡಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲೇ ಇತ್ತು. ಮೇಲಿನ ಪ್ಲಾಸ್ಟಿಕ್ ಕವರನ್ನು ನಾನೂ ತೆಗೆದಿರಲಿಲ್ಲ, ಹಿಂದಿನವರೂ ತೆಗೆದಿರಲಿಲ್ಲ.

ಆ ಸಂಜೆ ಕಾರಿನಲ್ಲಿ ನಾಲ್ವರಿದ್ದೆವು: ಅಪ್ಪ, ಅಮ್ಮ, ತಂಗಿಯ ಮಗ ಮತ್ತು ನಾನು. ಹತ್ತುವಾಗಲೇ ಎಲ್ಲರ ಬಟ್ಟೆ ಒದ್ದೆ. ಕಾಲಡಿಯಲ್ಲಿ ನೀರು ಸೋರುವ ಮೂರು ಕೊಡೆ. ಮುಂದೆ ಹಳೆಯ ಜೀಪೊಂದು ಕರಿಹೊಗೆ ಉಗುಳುತ್ತಿದ್ದುದರಿಂದ, ಕಾರಿನ ಚಿತ್ರದೊಳಗೆ ಬಾಣವೊಂದು ಸುತ್ತಿ ತಿರುಗಿರುವ ಗುಂಡಿಯನ್ನು ಒತ್ತಿದ್ದೆ. ಅದನ್ನು ಒತ್ತಿದರೆ ಹೊರಗಿನ ಗಾಳಿ ಒಳಗೆ ಬರುವುದಿಲ್ಲ, ಒಳಗಿನದೇ ಸುತ್ತುತ್ತದೆ. ಹೊರಗೆ ಹೇಗೂ ಚಳಿಯಿದೆ, ಪೆಟ್ರೋಲಾದರೂ ಉಳಿಯಲಿ ಎಂದು ಎಸಿಯನ್ನು ಆರಿಸಿದ್ದೆ. ನಾಲ್ವರ ಉಸಿರು, ಒದ್ದೆ ಬಟ್ಟೆಯ ಆವಿ, ಕೊಡೆಯ ನೀರು ಎಲ್ಲವೂ ಒಳಗೇ ಸುತ್ತಿ ಸುತ್ತಿ ತಣ್ಣಗಿದ್ದ ಗಾಜಿಗೆ ಹೋಗಿ ಕೂತಿತು. ಇಡ್ಲಿ ಪಾತ್ರೆಯ ಮುಚ್ಚಳದ ಒಳಮೈ ನೋಡಿದ್ದೀರಲ್ಲ, ಹಾಗೆ.

ಗಾಬರಿಯಲ್ಲಿ ಅಲೆಯಂತಹ ಬಾಣಗಳಿರುವ ಗುಂಡಿಯನ್ನು ಹುಡುಕಿ ಒತ್ತಿದೆ. ಏನೂ ಆಗಲಿಲ್ಲ. ಒತ್ತಿದ್ದು ಹಿಂದಿನ ಗಾಜಿನದು. ಹಿಂದಿನ ಗಾಜಿನ ಚಿತ್ರ ನೇರ ಆಯತ, ಮುಂದಿನದು ಬೀಸಣಿಗೆಯಂತೆ ಮೇಲೆ ಅಗಲವಾಗಿ ಬಾಗಿರುತ್ತದೆ. ಈಗ ಕಣ್ಣುಮುಚ್ಚಿ ಹೇಳುತ್ತೇನೆ, ಅಂದು ಗೊತ್ತಿರಲಿಲ್ಲ. ಅಮ್ಮ ಸೆರಗಿನಿಂದ ಒರೆಸುತ್ತಾ, ನಾನು ಕತ್ತು ಚಾಚಿ ನೋಡುತ್ತಾ ಹೇಗೋ ಅಣ್ಣಪ್ಪ ಸ್ವಾಮಿಯ ಗುಡಿಯವರೆಗೆ ಬಂದೆವು. ಅಲ್ಲಿ ಬದಿಗೆ ನಿಲ್ಲಿಸಿದೆ.

ಕೈಮುಗಿದು ಹೊರಡಲು ಸಿದ್ಧನಾಗಿದ್ದ ತರಕಾರಿ ಟೆಂಪೊ ಚಾಲಕನೊಬ್ಬ ನಮ್ಮ ಗಾಜನ್ನು ನೋಡಿ ಹತ್ತಿರ ಬಂದ. “ಅಕ್ಕಾ, ಎಸಿ ಹಾಕಿ” ಎಂದ.

“ಈ ಚಳಿಗೆ ಎಸಿಯೇ?” ಎಂದೆ.

“ಚಳಿಗಲ್ಲ ಅಕ್ಕಾ, ಗಾಜಿಗೆ.”

ಒಳಗಿನ ಗಾಳಿ ಸುತ್ತುವ ಗುಂಡಿಯನ್ನು ಆರಿಸಿಸಿದ. ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿಸಿದ. ಉಷ್ಣತೆಯನ್ನು ಕೊಂಚ ಬಿಸಿಯ ಕಡೆಗೆ ಏರಿಸಿ, ಬ್ಲೋವರನ್ನು ಪೂರ್ತಿ ಬಿಡಲು ಹೇಳಿದ. ಗಾಜಿನ ಬುಡದಲ್ಲಿ ಮೊದಲು ಎರಡು ಅರ್ಧಚಂದ್ರಗಳು ತೆರೆದುಕೊಂಡವು. ಅವು ಬೆಳೆದು ಒಂದಕ್ಕೊಂದು ಕೂಡಿಕೊಂಡವು. ಅಮ್ಮ ಸೆರಗನ್ನು ಹಿಂಡಿ ಮುಗಿಸುವುದರೊಳಗೆ ಎದುರಿನ ರಸ್ತೆ ಕಂಡಿತು. ಆತನ ಹೆಸರನ್ನೂ ಕೇಳದೆ ಬಿಟ್ಟೆನಲ್ಲ ಎಂಬ ಕೊರಗು ಈಗಲೂ ಇದೆ.

ಎಸಿ ಎಂದರೆ ತಂಪು ಮಾಡುವ ಯಂತ್ರ ಎಂದಷ್ಟೇ ತಿಳಿದಿದ್ದವಳು ನಾನು. ಅದು ಮೊದಲು ಮಾಡುವುದು ಗಾಳಿಯನ್ನು ಒಣಗಿಸುವ ಕೆಲಸ. ಡ್ಯಾಶ್‌ಬೋರ್ಡಿನ ಹಿಂದಿರುವ ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾದುಹೋಗುವಾಗ ಅದರಲ್ಲಿನ ತೇವ ಅಲ್ಲೇ ನೀರಾಗಿ ಇಳಿಯುತ್ತದೆ. ಬೇಸಿಗೆಯಲ್ಲಿ ನಿಂತ ಕಾರಿನ ಕೆಳಗೆ ತೊಟ್ಟಿಕ್ಕುವುದು ಆ ನೀರೇ. ಹೀಗೆ ಒಣಗಿದ ಗಾಳಿಯನ್ನು ಇಂಜಿನ್ನಿನ ಬಿಸಿನೀರು ಹರಿಯುವ ಇನ್ನೊಂದು ಜಾಲರಿಯ ಮೇಲೆ ಹಾಯಿಸಿದರೆ ಬೆಚ್ಚಗಿನ ಒಣಗಾಳಿ ಸಿಗುತ್ತದೆ. ಪೆಟ್ರೋಲ್ ಕಾರಿನಲ್ಲಿ ಆ ಬಿಸಿಗೆ ಬೇರೆ ಖರ್ಚಿಲ್ಲ, ಇಂಜಿನ್ ಹೇಗೂ ಚೆಲ್ಲುವ ಬಿಸಿ ಅದು. ಎಸಿ ಮತ್ತು ಹೀಟರ್ ಒಟ್ಟಿಗೇ ನಡೆಯಬಹುದು ಎಂಬುದೇ ನನ್ನ ತಲೆಗೆ ಹೊಳೆದಿರಲಿಲ್ಲ. ಇನ್ನೊಂದು ತಮಾಷೆ: ನನ್ನ ಕಾರಿನಲ್ಲಿ ಮುಂದಿನ ಗಾಜಿನ ಗುಂಡಿ ಒತ್ತಿದ ಕೂಡಲೇ ಎಸಿಯ ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ. ಹಿಂದೆ ಒಂದೆರಡು ಸಲ ಅದನ್ನು ಕಂಡಿದ್ದೆ. ಕಾರಿಗೆ ಏನೋ ಕೆಟ್ಟಿದೆ ಎಂದುಕೊಂಡು, ಪ್ರತಿ ಸಲವೂ ಶ್ರದ್ಧೆಯಿಂದ ಆರಿಸಿದ್ದೆ.

ಪಾಠ ಕಲಿತೆ ಎಂಬ ಹೆಮ್ಮೆ ಹೆಚ್ಚು ದಿನ ಉಳಿಯಲಿಲ್ಲ. ಆಗಸ್ಟಿನಲ್ಲಿ ಒಂದು ರಾತ್ರಿ ಉಜಿರೆಯಿಂದ ಮಂಗಳೂರಿಗೆ ಹೊರಟಿದ್ದೆ. ಮಳೆ ನಿಂತು ಸೆಕೆ ಶುರುವಾಗಿತ್ತು. ಎಸಿ 20ರಲ್ಲಿತ್ತು. ಗಾಜು ಮೆಲ್ಲನೆ ಮಸುಕಾಯಿತು. ಟೆಂಪೊ ಅಣ್ಣನ ಮಂತ್ರ ಬಾಯಿಪಾಠವಿತ್ತಲ್ಲ, ತಣ್ಣನೆಯ ಗಾಳಿಯನ್ನು ಪೂರ್ತಿ ಜೋರಿನಲ್ಲಿ ಗಾಜಿಗೆ ತಿರುಗಿಸಿದೆ. ಬಿಸಿಯ ಕಡೆಗೆ ಏರಿಸು ಎಂದಿದ್ದನ್ನು ಸೆಕೆಯಲ್ಲಿ ಕೈಬಿಟ್ಟಿದ್ದೆ. ಮಸುಕು ಇನ್ನೂ ದಟ್ಟವಾಯಿತು. ಒಳಗಿನಿಂದ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಒಣಗಿಯೇ ಇತ್ತು. ಏನೂ ತೋಚದೆ ವೈಪರ್ ಹಾಕಿದೆ. ಒಂದೇ ಬೀಸಿಗೆ ಗಾಜು ಸ್ವಚ್ಛ.

ಈ ಮಂಜು ಹೊರಗಿನದು. ಈಗ ಕಾರೇ ತಣ್ಣೀರಿನ ಲೋಟ. ಹೊರಗೆ 27 ಡಿಗ್ರಿ ಇದ್ದು ತೇವಾಂಶ ಶೇಕಡಾ 90 ಇದ್ದರೆ ಗಾಳಿಯ ತೇವ ಹನಿಯಾಗತೊಡಗುವ ಉಷ್ಣತೆ, ಅಂದರೆ ಇಬ್ಬನಿ ಬಿಂದು, 25 ಡಿಗ್ರಿಯ ಸುಮಾರಿಗೆ ಇರುತ್ತದೆ. ಗಾಜನ್ನು ಒಳಗಿನಿಂದ ತಣ್ಣಗೆ ಮಾಡಿ ಅದಕ್ಕಿಂತ ಕೆಳಗಿಳಿಸಿದರೆ ಹೊರಮೈಯಲ್ಲಿ ಇಬ್ಬನಿ ಕೂರದೆ ಇನ್ನೇನು? ನಾನು ಹೆಚ್ಚು ತಂಪು ಊದಿದಷ್ಟೂ ಅದು ಹೆಚ್ಚುತ್ತಿತ್ತು. ಉಷ್ಣತೆಯನ್ನು 26ಕ್ಕೆ ಏರಿಸಿ, ಗಾಳಿಯನ್ನು ಗಾಜಿನಿಂದ ತಪ್ಪಿಸಿ ಮುಖದ ಕಡೆಗೆ ಬಿಟ್ಟ ಮೇಲೆ ಬಂಟ್ವಾಳ ಬರುವ ಮೊದಲೇ ಸರಿಹೋಯಿತು.

ಆದ್ದರಿಂದ ಈಗ ಗಾಜು ಮಸುಕಾದರೆ ಗುಂಡಿಗೆ ಕೈ ಹಾಕುವ ಮೊದಲು ಬೆರಳಿನಿಂದ ಗಾಜಿನ ಒಳಮೈಗೆ ಒಂದು ಗೆರೆ ಎಳೆಯುತ್ತೇನೆ. ಗೆರೆ ಮೂಡಿದರೆ ಮಂಜು ಒಳಗಿನದು, ಒಣ ಮತ್ತು ಬೆಚ್ಚಗಿನ ಗಾಳಿ ಬೇಕು. ಮೂಡದಿದ್ದರೆ ಹೊರಗಿನದು, ವೈಪರ್ ಹಾಕಿ ತಂಪು ತಗ್ಗಿಸಬೇಕು. ಘಾಟಿಯ ಮೇಲೆ ಒಂದು, ಘಾಟಿಯ ಕೆಳಗೆ ಇನ್ನೊಂದು. ಒಂದೇ ಪ್ರಯಾಣದಲ್ಲಿ ಎರಡೂ ಸಿಕ್ಕಿದ್ದುಂಟು.

ಒಳಗಿನ ಗಾಳಿ ಸುತ್ತುವ ಗುಂಡಿ ಕೆಟ್ಟದ್ದೇನಲ್ಲ. ಬಿಸಿಲಿನಲ್ಲಿ ನಿಂತ ಕಾರನ್ನು ತಂಪು ಮಾಡಲು ಅದೇ ಬೇಕು. ಮೊದಲು ಎಲ್ಲ ಕಿಟಕಿ ಇಳಿಸಿ ಕಾದ ಗಾಳಿಯನ್ನು ಹೊರಗೆ ಕಳಿಸಿ ಆಮೇಲೆ ಒತ್ತಬೇಕು, ಅಷ್ಟೇ. ಆದರೆ ನಾಲ್ಕು ಜನ ಕುಳಿತು ಗಂಟೆಗಟ್ಟಲೆ ಅದೇ ಗಾಳಿಯಲ್ಲಿ ಹೋದರೆ ಇಂಗಾಲದ ಡೈಆಕ್ಸೈಡ್ ಏರಿ ತೂಕಡಿಕೆ ಬರುತ್ತದೆ. ಆ ಗುಂಡಿಯನ್ನು ನಾನು ಆಗಾಗ ಆರಿಸುತ್ತೇನೆ.

ಮುಂದಿನ ಬೇಸಿಗೆಯಲ್ಲಿ ಇನ್ನೊಂದು ಒಗಟು ಎದುರಾಯಿತು. ಮಟಮಟ ಮಧ್ಯಾಹ್ನ ಎಸಿ ಸೋಮಾರಿಯಂತೆ ಊದುತ್ತಿತ್ತು. “ಗ್ಯಾಸ್ ಹೋಗಿದೆ” ಎಂದರು ಅಪ್ಪ. ಎಸಿಯ ಮಾತೆತ್ತಿದರೆ ಊರಿನ ಎಲ್ಲರ ಮೊದಲ ರೋಗನಿರ್ಣಯ ಅದೇ. ಅದರ ಜೊತೆಗೆ ಹಗಲಿನಲ್ಲೇ ಹೆಡ್‌ಲೈಟ್ ಹೊತ್ತಿಕೊಳ್ಳುತ್ತಿತ್ತು. ಎದುರಿಗೆ ಬಂದವರೆಲ್ಲ ಕೈ ಮಾಡಿ ತೋರಿಸುತ್ತಿದ್ದರು. ಎರಡು ರೋಗಕ್ಕೂ ಮದ್ದು ಹುಡುಕುತ್ತಾ ಕೊನೆಗೆ ಕೈಪಿಡಿಯ ಕವರ್ ಬಿಚ್ಚಿದೆ. ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಬುಡದಲ್ಲಿ, ಕಡಲೆಕಾಳಿನಷ್ಟು ಒಂದು ಕಪ್ಪು ಗುಬುಟು ಇರುತ್ತದೆ. ಬಿಸಿಲು ಎಷ್ಟು ಬೀಳುತ್ತಿದೆ ಎಂದು ಅಳೆದು ಎಸಿಗೂ ದೀಪಕ್ಕೂ ಹೇಳುವುದು ಅದೇ. ಅಮ್ಮ ಸರಿಯಾಗಿ ಅದರ ಮೇಲೆ ಕೆಂಪು ವಸ್ತ್ರ ಹಾಸಿ ಗಣಪತಿಯನ್ನು ಕೂರಿಸಿದ್ದರು. ಕಾರಿನ ಪಾಲಿಗೆ ಮಧ್ಯಾಹ್ನವೇ ಕತ್ತಲು. ಗಣಪತಿ ಒಂದು ಗೇಣು ಎಡಕ್ಕೆ ಸರಿದ, ಎರಡೂ ರೋಗ ಒಟ್ಟಿಗೆ ವಾಸಿಯಾದವು. ತನ್ನಷ್ಟಕ್ಕೆ ನಡೆಯುವ ಎಸಿಯನ್ನು 24ರಲ್ಲಿ ಇಟ್ಟು ಸುಮ್ಮನಿರುವುದನ್ನೂ ಆಗಲೇ ಕಲಿತೆ. ಕಾದ ಕಾರಿನಲ್ಲಿ ಅದನ್ನು ಕನಿಷ್ಠಕ್ಕೆ ಇಳಿಸಿದರೆ ಬೇಗ ತಂಪಾಗುತ್ತದೆ ಎಂಬುದು ಭ್ರಮೆ. 24ಕ್ಕೆ ಇಟ್ಟರೂ ಮೊದಲ ಕೆಲವು ನಿಮಿಷ ಅದು ತನ್ನ ಶಕ್ತಿಮೀರಿಯೇ ದುಡಿಯುತ್ತದೆ.

ಗಾಳಿ ಮಂದವಾಗಿ, ಒದ್ದೆ ಕಾಲುಚೀಲದ ವಾಸನೆ ಬಂದಾಗ ಮಾತ್ರ ಡ್ಯಾಶ್‌ಬೋರ್ಡ್ ಪೆಟ್ಟಿಗೆಯ ಹಿಂದಿನ ಫಿಲ್ಟರ್ ಎಳೆದು ನೋಡಿದೆ. ಸಿಲ್ವರ್ ಓಕಿನ ಒಣ ಎಲೆಗಳು, ಕಪ್ಪು ಧೂಳು, ಯಾವುದೋ ಹುಳದ ರೆಕ್ಕೆ. ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ, ಕೈಯಲ್ಲೇ ಆಗುವ ಕೆಲಸ.

ಕೈಪಿಡಿ ಕೈಗೆ ಬಂದ ಮೇಲೆ ಮೀಟರಿನ ದೀಪಗಳನ್ನೂ ಓದಿದೆ. ಎಲ್ಲ ಚಿತ್ರಗಳನ್ನು ನೆನಪಿಡುವುದು ನನ್ನಿಂದಾಗದು, ಬಣ್ಣ ಸಾಕು. ಹಸಿರು ಮತ್ತು ನೀಲಿ ಬರೀ ಸಮಾಚಾರ. ನೀಲಿ ದೀಪ ಹೈಬೀಮಿನದು, ಅದು ಹೊತ್ತಿದ್ದರೆ ಎದುರಿನವರು ನನ್ನನ್ನು ಬೈಯುತ್ತಿದ್ದಾರೆ ಎಂದರ್ಥ. ಹಳದಿ ಬಂದರೆ ಬೇಗ ತೋರಿಸಬೇಕು. ಕೆಂಪು ಬಂದರೆ ನಿಲ್ಲಿಸಬೇಕು. ಒಮ್ಮೆ ಘಾಟಿ ಇಳಿಯುವಾಗ ಪ್ರತಿ ಎಡ ತಿರುವಿನಲ್ಲೂ ಎಣ್ಣೆ ಗಿಂಡಿಯ ಚಿತ್ರ ಕೆಂಪಗೆ ಮಿಂಚಿ ಮಾಯವಾಗುತ್ತಿತ್ತು. ಮಾಯವಾಯಿತಲ್ಲ, ಊರಿಗೆ ಹೋಗಿ ನೋಡೋಣ ಎಂದು ಹಳೆಯ ನಾನಾಗಿದ್ದರೆ ಹೇಳುತ್ತಿದ್ದೆ. ಇಂಜಿನ್ ಆರಿಸಿ, ಸಮತಟ್ಟಾದ ಜಾಗದಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಇಂಜಿನ್ ಎಣ್ಣೆಯ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದೆ. ಪತ್ರಿಕೆಯ ಹಾಳೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದರೆ ತುದಿಗೆ ಮಾತ್ರ ಕಪ್ಪು ಹತ್ತಿತ್ತು, ಕೆಳಗಿನ ಗೆರೆಗೂ ಎಟುಕಿರಲಿಲ್ಲ. ಎಣ್ಣೆ ಕಡಿಮೆಯಾಗಿದ್ದುದರಿಂದ ಇಳಿಜಾರಿನ ತಿರುವಿನಲ್ಲಿ ಅದು ಒಂದು ಬದಿಗೆ ಓಡಿ ಪಂಪಿಗೆ ಸಿಗುತ್ತಿರಲಿಲ್ಲ. ಹಾಗೇ ಓಡಿಸಿದ್ದರೆ ಇಂಜಿನ್ನಿಗೇ ಸಂಚಕಾರ. ದಾರಿಯಲ್ಲಿ ಹೋಗುತ್ತಿದ್ದ ಬೈಕಿನವರೊಬ್ಬರು ಎಣ್ಣೆಯ ಡಬ್ಬಿ ತಂದುಕೊಡುವವರೆಗೆ ಅಲ್ಲೇ ಕಾದೆ.

ಚಕ್ರದ ಗಾಳಿಯ ಹಳದಿ ದೀಪ ನನ್ನನ್ನು ಒಂದು ಡಿಸೆಂಬರ್ ಪೂರ್ತಿ ಆಟವಾಡಿಸಿತು. ಬೆಳಿಗ್ಗೆ ಹೊತ್ತುತ್ತದೆ, ಸ್ವಲ್ಪ ದೂರ ಓಡಿಸಿದರೆ ಆರುತ್ತದೆ. ಪಂಕ್ಚರ್ ಅಂಗಡಿಯವನು ನೀರಿನಲ್ಲಿ ಮುಳುಗಿಸಿ ನೋಡಿ ಏನೂ ಇಲ್ಲ ಎಂದ. ತಪ್ಪು ನನ್ನದೇ: ಘಾಟಿ ಹತ್ತಿ ಬಂದು ಚಕ್ರ ಬಿಸಿಯಾಗಿರುವಾಗ ಗಾಳಿ ಹಾಕಿಸಿದ್ದೆ. ಉಷ್ಣತೆ ಐದಾರು ಡಿಗ್ರಿ ಇಳಿದರೆ ಚಕ್ರದ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ (ಗಾಳಿ ಹಾಕುವವರು ಬಳಸುವ ಒತ್ತಡದ ಅಳತೆ) ಇಳಿಯುತ್ತದೆ, ಚಿಕ್ಕಮಗಳೂರಿನ ಚಳಿಯ ಬೆಳಗಿಗೆ ಅಷ್ಟು ಸಾಕು. ಈಗ ತಣ್ಣಗಿರುವಾಗಲೇ ಹಾಕಿಸುತ್ತೇನೆ.

ಇನ್ನೆಷ್ಟು ಕಿಲೋಮೀಟರ್ ಹೋಗಬಹುದು ಎಂದು ತೋರಿಸುವ ಅಂಕಿಯನ್ನು ನಾನು ನಂಬುವುದಿಲ್ಲ. ಉಜಿರೆಯಲ್ಲಿ 410 ತೋರಿಸಿದ್ದು ಕೊಟ್ಟಿಗೆಹಾರದಲ್ಲಿ 330 ಆಗಿತ್ತು, ನಡುವೆ ನಲವತ್ತು ಕಿಲೋಮೀಟರೂ ಇಲ್ಲ. ಟ್ಯಾಂಕ್ ಸೋರುತ್ತಿದೆ ಎಂದು ಅಪ್ಪ ಇಳಿದು ಬಗ್ಗಿ ನೋಡಿದರು. ಕಾರು ಇತ್ತೀಚೆಗೆ ಕುಡಿದ ಪೆಟ್ರೋಲಿನ ಲೆಕ್ಕದಲ್ಲಿ ಆ ಅಂಕಿ ಮುಂದಿನದನ್ನು ಊಹಿಸುತ್ತದೆ. ಹತ್ತುವಾಗ ನಿರಾಶಾವಾದಿ, ಇಳಿಯುವಾಗ ಮಹಾ ಆಶಾವಾದಿ. ಪೆಟ್ರೋಲ್ ಮೀಟರಿನ ಮುಳ್ಳೇ ವಾಸಿ. ಆ ಮುಳ್ಳಿನ ಪಕ್ಕದ ಪಂಪಿನ ಚಿತ್ರಕ್ಕೆ ಅಂಟಿದ ಪುಟ್ಟ ತ್ರಿಕೋನ ಟ್ಯಾಂಕಿನ ಮುಚ್ಚಳ ಯಾವ ಬದಿಯಲ್ಲಿದೆ ಎಂದು ತೋರಿಸುತ್ತದೆ ಎಂಬುದು ಗೊತ್ತಾಗುವವರೆಗೆ ಬಂಕಿನಲ್ಲಿ ನಾನು ಎಷ್ಟು ಸಲ ಕಾರು ತಿರುಗಿಸಿದ್ದೇನೋ.

ತಂಗಿಯ ಹೊಸ ಕಾರಿನಲ್ಲಿ ಎಸಿಯ ಗುಂಡಿಗಳೇ ಇಲ್ಲ, ಎಲ್ಲವೂ ಪರದೆಯೊಳಗೆ. ನೋಡಲು ಚೆಂದ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಓಡುತ್ತದೆ, ಪರದೆಯಲ್ಲಿ ಬೀಸಣಿಗೆಯ ಚಿತ್ರ ಹುಡುಕಲು ನನಗೆ ಎರಡು ಸೆಕೆಂಡಾದರೂ ಬೇಕು. ನನ್ನ ಕಾರಿನ ಗುಂಡಿಗಳನ್ನು ಒಂದು ಭಾನುವಾರ ಮನೆಯ ಅಂಗಳದಲ್ಲಿ ನಿಲ್ಲಿಸಿಕೊಂಡು, ಕಣ್ಣು ಮುಚ್ಚಿ, ಬೆರಳಿನಲ್ಲಿ ಎಣಿಸಿ ಕಲಿತಿದ್ದೇನೆ. ಎಡದಿಂದ ಮೂರನೆಯದು ಮುಂದಿನ ಗಾಜು. ಪಕ್ಕದ ಮನೆಯವರು ಬೇಲಿಯಾಚೆಯಿಂದ ವಿಚಿತ್ರವಾಗಿ ನೋಡಿದರು, ನೋಡಲಿ.

ಕಳೆದ ಮಳೆಗಾಲದಲ್ಲಿ ಮತ್ತೆ ಅದೇ ನಾಲ್ವರು, ಅದೇ ಘಾಟಿ, ಒದ್ದೆ ಕೊಡೆಗಳೂ ಅಷ್ಟೇ. ಗಾಜಿನ ಅಂಚು ಮಸುಕಾಗತೊಡಗಿತು. ನಾನು ಕೈ ಎತ್ತುವ ಮೊದಲೇ ಪಕ್ಕದಲ್ಲಿದ್ದ ಅಪ್ಪ ತೋರುಬೆರಳಿನಿಂದ ಗಾಜಿಗೆ ಒಂದು ಗೆರೆ ಎಳೆದು, ಬೆರಳನ್ನು ಕಣ್ಣಿನ ಹತ್ತಿರ ತಂದು ಪರೀಕ್ಷಿಸಿ, “ಒಳಗಿನದು” ಎಂದರು. ಹಿಂದಿನಿಂದ ಅಮ್ಮ, “ಎಸಿ ಹಾಕು, ಇನ್ನೇನು ಯೋಚನೆ?” ಎಂದು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು.